ಭುಜದ ಮೇಲೆ ಎರಡು ಸಲ

ಗ್ರಾಸಿಯೆನ್ ಇರಿಗಾರಾಯ್‌ನ ಕೊಟ್ಟಿಗೆಯಲ್ಲಿ ಈಗ ಕುರಿಯಿಲ್ಲ.
ಮರಿ ಹಾಕಿಸುತ್ತಿದ್ದ ಮೂಲೆಗೆ ಒಂದು ಮೇಜು ಬಂದಿದೆ,
ಮೇಜಿನಂಚಿಗೆ ಬಿಗಿದ ಕಬ್ಬಿಣದ ಒತ್ತುಯಂತ್ರ,
ತಕ್ಕಡಿ, ಗಡಿಯಾರದ ಅಂಗಡಿಯವನ ಹಾಗೆ ಒಂದು ಭೂತಗನ್ನಡಿ.
ಕಿಟಕಿಯಾಚೆ ಬಿಗ್‌ಹಾರ್ನ್ ಬೆಟ್ಟ,
ಮೇ ತಿಂಗಳಾದರೂ ನೆತ್ತಿಯ ಹಿಮ ಇಳಿಸದೆ ನಿಂತಿದೆ.

ಶುಕ್ರವಾರ ಕೊನೆಯ ಮಗುವನ್ನು ಇಳಿಸಿ
ಶಾಲೆಯ ಬಸ್ಸನ್ನು ಬೇಲಿಯ ಪಕ್ಕ ನಿಲ್ಲಿಸಿ ಬರುತ್ತೇನೆ.
ಬಾಗಿಲು ತಟ್ಟುವುದಿಲ್ಲ, ತಟ್ಟಿ ಪ್ರಯೋಜನವಿಲ್ಲ.
ದೀಪದ ಸ್ವಿಚ್ಚು ಒಮ್ಮೆ ಆರಿಸಿ ಹಾಕುತ್ತೇನೆ.
ತಲೆಯೆತ್ತದೆ ಸ್ಟೂಲು ತೋರಿಸುತ್ತಾನೆ.

ಇಲ್ಲಿ ಒಲೆಯಿಲ್ಲ, ಜನವರಿಯಲ್ಲೂ ಇಲ್ಲ.
ಸೀಸ ಎರಕ ಹೊಯ್ಯುವುದು ಹೊರಗೆ, ಗಾಳಿಗೆ ಬೆನ್ನು ಕೊಟ್ಟು.
ಕುರಿಕೊಬ್ಬು, ಜೇನುಮೇಣ ಕರಗಿಸಿ
ಗುಂಡಿನ ಸೊಂಟದ ಗೀರುಗಳಿಗೆ ಸವರುವುದೂ ಹೊರಗೇ.
ಅವನ ಕೋಟು, ಕಾರು, ಕೊಡುವ ಕಾಫಿ,
ಎಲ್ಲಕ್ಕೂ ಆ ಕೊಬ್ಬಿನ ವಾಸನೆ.

ಹೋದ ವಾರ ಹಾರಿಸಿದ ಹಿತ್ತಾಳೆ ಚಿಪ್ಪುಗಳು
ಸೋಪಿನ ನೀರಲ್ಲಿ ಮಿಂದು ಸಾಲಾಗಿ ಒಣಗಿವೆ.
ಬುಡದ ಸುಟ್ಟ ಬೊಟ್ಟು ತೆಗೆದು ಹೊಸ ಬೊಟ್ಟು ಇಡುತ್ತಾನೆ.
ಉದ್ದ ಕೊಳವೆಯಲ್ಲಿ ಕರಿಮದ್ದು ಇಳಿಯುತ್ತದೆ
ಡಬ್ಬಿಗೆ ಸಾಸಿವೆ ಸುರಿದ ಸದ್ದಿನಲ್ಲಿ.
ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಗುಂಡು, ಒಂದು ಒತ್ತು.
ಎಣಿಕೆ ಮಾತ್ರ ಅವನ ತಾಯಿಯ ಬಾಸ್ಕ್ ಮಾತಿನಲ್ಲಿ:
ಬಾತ್, ಬಿ, ಹಿರು, ಲಾವು...
ಆ ಭಾಷೆಯಲ್ಲಿ ಐವತ್ತರವರೆಗೂ ಬರುತ್ತದೆ ನನಗೆ,
ಊಟ ಆಯ್ತಾ ಎಂದು ಕೇಳಲು ಬರುವುದಿಲ್ಲ.

ಈಗಿನ ಹೊಗೆಯಿಲ್ಲದ ಪುಡಿಯಾದರೆ, ಲಿಯೋಟಾ,
ಅರ್ಧ ಖಾಲಿ ಮನೆಯಲ್ಲೂ ಸಂಸಾರ ಮಾಡುತ್ತದೆ.
ಇದು ಹಟಮಾರಿ. ಒಳಗೆ ಗಾಳಿಗೆ ಒಂದು ಬೆರಳು ಜಾಗ ಬಿಟ್ಟೆಯೋ,
ನಳಿಕೆ ಸೀಳಬಹುದು.
ನಲವತ್ತು ವರ್ಷ ಇದೇ ಮದ್ದು ಸಿಡಿಸಿ
ಅವನ ಕಿವಿ ಹೋಯಿತು,
ಅದಕ್ಕೆ ಯಾವ ವೈದ್ಯನೂ ಮದ್ದು ಬರೆಯಲಿಲ್ಲ.
ಈ ಮಾತು ಹೇಳಿ ಅವನೇ ನಗುತ್ತಾನೆ, ತುಂಬಾ ಜೋರಾಗಿ.

ಶನಿವಾರ ಒಣಹಳ್ಳದ ದಂಡೆ.
ಇನ್ನೂರು ಗಜ ದೂರದಲ್ಲಿ ಸುಣ್ಣ ಬಳಿದ ಉಕ್ಕಿನ ಟಗರು.
ಬಂದೂಕಿನ ಸನ್ನೆ ಕೆಳಗೆ, ಮೇಲೆ, ಕಟಕ್,
ಆಮೇಲೆ ಧಡಾರ್ ಎಂದು ಒಂದು ಬಿಳಿ ಮೋಡ,
ಕೊಳೆತ ಮೊಟ್ಟೆಯ ನಾತ.
ತನ್ನ ಹೊಗೆಯೊಳಗೆ ತಾನೇ ಕುರುಡ.
ಬೇರೆಯವರು ಠಣ್ ಎಂಬುದಕ್ಕೆ ಕಿವಿಗೊಡುತ್ತಾರೆ.
ಅವನು ಭುಜ ಕೊಡುತ್ತಾನೆ.
ದುರ್ಬೀನು ಹಿಡಿದು ಪಕ್ಕದಲ್ಲಿ ಕೂತ ನಾನು
ಬಿದ್ದರೆ ಒಂದು ಸಲ ತಟ್ಟಬೇಕು, ತಪ್ಪಿದರೆ ಎರಡು.

ಹೋದ ವಾರ ಕೈ ನಡುಗುತ್ತಿತ್ತು.
ಎರಡು. ಎರಡು. ಎರಡು.
ನಾಲ್ಕನೆಯದು ಹುಲ್ಲಿಗೆ ಹೋದದ್ದು ಕಣ್ಣಾರೆ ಕಂಡೆ,
ಒಂದೇ ಸಲ ತಟ್ಟಿದೆ.

ಅವನು ಬಂದೂಕು ಮಲಗಿಸಿದ.
ಸುಣ್ಣದ ಡಬ್ಬಿ ಹಿಡಿದು ಇನ್ನೂರು ಗಜ ನಡೆದ,
ಮೊಣಕಾಲು ನೋವಿದ್ದರೂ.
ಟಗರಿನ ಪಕ್ಕೆ ಬೆರಳಿಂದ ಸವರಿ ಗುರುತು ಹುಡುಕಿದ.
ಎಣಿಸಲು ಏನೂ ಇರಲಿಲ್ಲ.
ಆದರೂ ಪೂರ್ತಿ ಸುಣ್ಣ ಬಳಿದ, ಕೊಂಬಿನ ಸಂದಿಗೂ.
ಮನೆಗೆ ಬಂದು ಕುದಿನೀರಲ್ಲಿ ನಳಿಕೆ ತೊಳೆದೆವು.
ಮೂರನೇ ನೀರಿಗೂ ಕಪ್ಪು ಹೋಗಲಿಲ್ಲ.
ಮಾತಿಲ್ಲ.

ಈ ಶುಕ್ರವಾರ ನಾನು ಹೋಗುವುದೋ ಬೇಡವೋ ಎಂದು
ಬಸ್ಸಿನಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.
ಸ್ವಿಚ್ಚು ಆರಿಸಿ ಹಾಕಿದೆ.
ಅವನು ಸ್ಟೂಲು ತೋರಿಸಿದ,
ಆಗಷ್ಟೇ ತುಂಬಿದ ತೋಟಾ ಒಂದನ್ನು
ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.
ಮುಂಚೆ ತನ್ನ ಕಿವಿಯ ಬಳಿ ಹಿಡಿಯುತ್ತಿದ್ದನಂತೆ.

ಒಳಗೆ ಏನೋ ಒಂದಿಷ್ಟು ಸರಿದಾಡಿತು,
ಅಕ್ಕಿಕಾಳಿನಷ್ಟು ಸದ್ದು.
ಅವನು ನನ್ನ ಮುಖ ನೋಡುತ್ತಿದ್ದ.
ಭುಜದ ಮೇಲೆ ಎರಡು ಸಲ ತಟ್ಟಿದೆ.
ಗುಂಡು ಕಳಚಿ, ಮದ್ದು ತಟ್ಟೆಗೆ ಸುರಿದು,
ಬಾತ್, ಎಂದು ಮತ್ತೆ ಮೊದಲಿನಿಂದ ಶುರುಮಾಡಿದ.