ತಿಪ್ಪರಲಾಗ

ಬೆಟಗೇರಿಯ ಸಾಲಿ ಹಿಂದ ಸಿಮೆಂಟಿನ ಅಂಗಳ.
ಇಲ್ಲಿ ಬರಫ ಅಂದರ ಮೀನಿನ ಪೆಟ್ಟಿಗಿ,
ಮದುವಿ ಮನಿ ಶರಬತ್ತು, ಕಡ್ಡಿಗೆ ಅಂಟಿದ ಕೆಂಪು ಗೋಳಾ.
ಅದರ ಮ್ಯಾಲ ಕುಣಿಯೂ ದೇಶದಿಂದ ಬಂದ ನಿಯಮ
ನಮ್ಮ ನಾಕು ಗಾಲಿಯ ಬೂಟಿಗೂ ಲಾಗೂ:
ತಲೆಯ ಮೇಲಿಂದ ಕಾಲು ಹೊರಳುವ ಯಾವುದೇ ಪಟ್ಟು ನಿಷಿದ್ಧ.
ಕಡಿತ, ಎರಡು ಅಂಕ.

ಪುಸ್ತಕದಾಗ ಲಾಗ ಅನ್ನೂ ಶಬ್ದ ಇಲ್ಲ.
ನಮ್ಮ ಬಾಯಾಗ ಐತಿ.

ಮೂರನೇ ಕುರ್ಚಿ ನಂದು. ಪೆನ್ಸಿಲ್ ಚೂಪು ಮಾಡಿಕೊಂಡು ಕುಂತೀನಿ.
ಹನ್ನೊಂದನೇ ನಂಬರ, ಸುಗಂಧಿ, ವಯಸ್ಸು ಹದಿಮೂರು.
ಬೂಟು ಒಂದು ಬೆರಳು ದೊಡ್ಡದು;
ತುದಿಗೆ ತುರುಕಿದ ಮಗ್ಗದ ಕೆಂಪು ನೂಲು
ಹೊಲಿಗಿ ಬಿಚ್ಚಿದಲ್ಲಿಂದ ಇಣುಕತಿತ್ತು.

ಮೊದಲ ಸುತ್ತು ಸಾಧಾರಣ. ಬರದೆ.
ಒಂಟಿಕಾಲ ತಿರುಗಣಿ, ನಡುವ ಒಂಚೂರು ಅಲುಗಿತು. ಬರದೆ.
ಆಮ್ಯಾಲ ಮೂಲಿಗೆ ಹೋಗಿ, ಬೆನ್ನು ಮುಂದ ಮಾಡಿ ಬರತಾ ಬರತಾ
ಮಣಕಾಲು ಮಡಚಿ

ಎದ್ದಳು.

ಜಡಿ ಮೊದಲು ಹೋತು, ಹಿಂದ ಹುಡುಗಿ.
ಎಂಟೂ ಗಾಲಿ ಮುಗಲಿಗೆ ಮುಖ ಮಾಡಿ
ಉರುಳಲಿಕ್ಕ ನೆಲಾನ ಬೇಕಾಗಿಲ್ಲ ಅನ್ನೂಹಂಗ
ತಮ್ಮಷ್ಟಕ್ಕ ತಾವು ತಿರಗತಾನ ಇದ್ದವು.
ಇಳದದ್ದು ಹಣಿಗಿ ಬಡದಂಗ, ಒಂದ ಸಪ್ಪಳ.

ಇಡೀ ಅಂಗಳ ಎದ್ದು ನಿಂತಿತು.
"ಕಡಿತ," ಅಂದರು ಬಾರಕೇರ ಸರ್, ತಲಿ ಎತ್ತದ.
ನಾ ಪೆನ್ಸಿಲ್ ಊರಿದೆ. ಬರೀಲಿಲ್ಲ.

ಹೋದ ವರ್ಷ ಮುಳಗುಂದದ ಹುಡುಗ ಇದನ್ನ ಮಾಡಲಿಕ್ಕ ಹೋಗಿ
ಕುತ್ತಿಗಿ ಮ್ಯಾಲ ಬಿದ್ದ. ಅವರಪ್ಪ ಇನ್ನೂ ಫೋನ್ ಮಾಡತಾನ:
"ಮೇಡಂ, ಈ ವಾರ ಚಮಚ ಹಿಡದಾನ್ರಿ."
ಹಂಗಾಗಿ ನಿಯಮಕ್ಕ ನಾ ಬೈಯೂದಿಲ್ಲ.
ಆದರ ನಿಷಿದ್ಧ ಅಂತ ಯಾವ ಕೋಚೂ ಅವಗ ಕಲಿಸಿದ್ದಿಲ್ಲ.
ರಾತ್ರಿ, ಮೊಬೈಲ್ ಬೆಳಕಿನಾಗ, ಒಬ್ಬನ ಕಲೀತಿದ್ದ.

ಇನ್ನೊಂದು ನೆನಪು, ಹೇಳಬಾರದಂತ ಇದ್ದೆ.
ನಾ ಏಳು ವರ್ಷದಾಕಿ, ಸಂತಿ, ಅಪ್ಪನ ಹೆಗಲು.
ಡೊಂಬರಾಕಿ ಡೋಲು ಬಡದಳು; ನನ್ನ ವಾರಗಿ ಹುಡುಗಿ
ಗೋಣಿತಟ್ಟಿನ ಮ್ಯಾಲ ಮೂರು ಲಾಗ ಹೊಡದು
ತಾಟು ಹಿಡಕೊಂಡು ಬಂದಳು.
ಅಪ್ಪ ನನ್ನ ಕೈಲೆ ನಾಕಾಣೆ ಹಾಕಿಸಿ ಅಂದ:
"ನೀ ಹಂಗ ಮಾಡಬಾರದು. ಅದು ಹೊಟ್ಟಿಪಾಡು, ಆಟ ಅಲ್ಲ."
ಕಲಮು, ಉಪಕಲಮು ಎಲ್ಲಾ ನಾ ಆಮ್ಯಾಲ ಓದಿದ್ದು.

ತಿಪ್ಪರಲಾಗ ಹಾಕಿದರೂ ಸಿಗೂದಿಲ್ಲ ಅಂತೀವಿ,
ಸಾಲಿ ಸೀಟಿಗೆ, ಬ್ಯಾಂಕಿನ ಸಾಲಕ್ಕ, ಸಾಹೇಬರ ಸಹಿಗೆ.
ದಿನಾ ಹಾಕಾವರ ಕಿವಿಗೆ ಅದು ಹೆಂಗ ಕೇಳತೈತೋ.

ಕಟ್ಟಿ ಮ್ಯಾಲ ಹುಡುಗಿ ಅಜ್ಜಿ, ದುರುಗವ್ವ.
ಆಕಿ ಎದ್ದಿರಲಿಲ್ಲ, ಚಪ್ಪಾಳಿ ಹೊಡದಿರಲಿಲ್ಲ,
ಕಾಲಷ್ಟ ನೋಡಿದ್ದಳು.

"ಬರಫದ ದೇಶದಾಗ ಈಗ ಬಿಟ್ಟಾರಂತ,"
ಬಾರಕೇರ ಸರ್ ಮೊಬೈಲ್ ನನ್ನ ಕಡೆ ಸರಿಸಿದರು.
"ಗದಗಿಗೆ ಬರಲಿಕ್ಕ ಇನ್ನ ಹತ್ತು ವರ್ಷ. ಬರೀರಿ."

ಬರದೆ. ಎರಡು.

ಸಂಜಿಗೆ ಗ್ವಾಡಿಗೆ ಪಟ್ಟಿ ಅಂಟಸೂ ಹೊತ್ತಿಗೆ
ಮುದುಕಿ ಹತ್ರ ಬಂದು ಕೇಳಿದಳು, "ಎಷ್ಟು ಹಾಕಿದ್ರಿ?"
"ಎರಡು ಕಡದೀವಿ."
ನಕ್ಕಳು, ಎಲಿಅಡಕಿ ಹಲ್ಲು ಕಾಣೂಹಂಗ.
"ಆಗಿನವರು ಹಾಕದ ಹೋಗತಿದ್ರವಾ.
ಇದ್ದದ್ದನ್ನ ಯಾರೂ ಕಡೀತಿದ್ದಿಲ್ಲ."

ಅಷ್ಟ. ನನ್ನ ಮರತು ಮೊಮ್ಮಗಳ ಕಡೆ ತಿರುಗಿ
"ಎಡಗಾಲು ತಡಾ ಬಂತು. ಬೂಟು ತಗದು ಮತ್ತೊಮ್ಮಿ ಹಾಕು, ನೋಡೂನು," ಅಂದಳು.
ಸುಗಂಧಿ ಲೇಸು ಬಿಚ್ಚಾಕ ಕುಂತಳು.
ಅಂಗಳ ಖಾಲಿ, ಕುರ್ಚಿ ಒಂದರ ಮ್ಯಾಲ ಒಂದು.
ನಾ ಅತ್ತಿತ್ತ ನೋಡಿ
ಕಸಬರಿಗಿ ಇಡೂ ಮೂಲಿಯಿಂದ
ಒಂದು ಗೋಣಿತಟ್ಟು ಎಳಕೊಂಡು ಬಂದೆ.