ರೆನಿಟಾಳ ಮೇಜು

ಏಳೂವರೆಗೆ ಮಿಷನ್ನಿನ ತಲೆ ಒಳಗೆ ಮಡಚಿ
ಹಲಗೆ ಮುಚ್ಚುತ್ತೇನೆ.
ಒಂಬತ್ತರವರೆಗೆ ಅದು ರೆನಿಟಾಳ ಮೇಜು.

ನೂಲಿನ ಚೂರು ಊದಿ, ಪೌಡರ್ ಡಬ್ಬಿಗೆ
ಮೊಬೈಲು ಒರಗಿಸಿ ಕೂರುತ್ತಾಳೆ.
ಬೋಳಾರದ ಈ ಮನೆಯಲ್ಲಿ
ಕಿಟಕಿಯ ಬಳಿ ಮಾತ್ರ ನೆಟ್‌ವರ್ಕು, ಎರಡು ಕಡ್ಡಿ.

ಕಾರ್ಕಳದಿಂದ ಸರ್ ಕೇಳುತ್ತಾರೆ:
ಎಂಥದು ಅದು ಸದ್ದು, ಟಕಟಕ?
ಇವಳು ಮ್ಯೂಟ್ ಒತ್ತುತ್ತಾಳೆ.
ಲೆಕ್ಕ ಸಿಕ್ಕುಬಿದ್ದರೆ ಕಾಲು ತಾನಾಗಿ ಪೆಡಲು ತುಳಿಯುತ್ತದೆ;
ಬೆಲ್ಟು ಬಿಚ್ಚಿದ ಚಕ್ರ
ಬರಿದೇ ತಿರುಗುತ್ತದೆ.

ನಾನು ಕುಕ್ಕರಿನ ಉರಿ ತಗ್ಗಿಸಿ
ನೆಲದಲ್ಲಿ ಕೂತು ಗುಂಡಿ ಹಾಕುತ್ತೇನೆ.
ಕೋನ ನನಗೂ ಗೊತ್ತು:
ಕಂಕುಳಿನ ಹತ್ತಿರ ಬಟ್ಟೆ ಓರೆಯಾಗುವ ಜಾಗ.
ಹೇಳುವುದಿಲ್ಲ.

ಇವತ್ತು ಒಮ್ಮೆಲೇ ಪೆಡಲು ನಿಂತಿತು.
ಸರ್ ಇನ್ನೂ ವಿವರಿಸುತ್ತಲೇ ಇದ್ದರು;
ಇವಳ ಪೆನ್ನು ಆಗಲೇ ಹೊರಟಿತ್ತು.