ಕೆಳಗಿನವನು

ಮೇಲೆ ಜುರಾಂದಿರ್, ನಡುವೆ ಜಿಲ್ಮಾರ್, ಕೆಳಗೆ ನಾನು.
ಮೂವರು ಸೇರಿದರೆ ಒಂದು ಏಣಿ.
ಏಣಿ ಕೊಳ್ಳಲು ದುಡ್ಡಿರಲಿಲ್ಲ ಅನ್ನುವುದು ನಿಜ,
ಏಣಿ ಹೊತ್ತು ಓಡಲಾಗುವುದಿಲ್ಲ ಅನ್ನುವುದು ಇನ್ನೂ ನಿಜ.

ಸಾವೊ ಪಾವ್ಲೊ, ಬ್ರಾಸ್ ಪೇಟೆ, ಬಾಗಿಲು ಮುಚ್ಚಿದ ನೂಲಿನ ಗಿರಣಿ.
ರಾತ್ರಿ ಎರಡೂವರೆ. ಕೆನ್ನೆಯೊತ್ತಿ ನಿಂತಿದ್ದೆ.
ಗೋಡೆಗೂ ಕಿವಿ ಇದೆಯಂತೆ,
ನನ್ನದಂತೂ ಅದಕ್ಕೆ ಅಂಟಿಕೊಂಡೇ ಇತ್ತು:
ಒಳಗೆ ಇಲಿಯ ಓಡಾಟ, ಎಲ್ಲೋ ತೊಟ್ಟಿಕ್ಕುವ ನಲ್ಲಿ,
ಮೇಲೆ ರೋಲರಿನ ಕಿರಕಿರ.
ಕರಿ ಬಣ್ಣ ನೆತ್ತಿಗೆ ಬಿದ್ದು
ಕಿವಿಯ ಹಿಂದಿನಿಂದ ಬೆನ್ನಿಗಿಳಿಯಿತು.

ಬರೆದದ್ದು: ನಾದ.
ನಮ್ಮ ಮಾತಿನಲ್ಲಿ ಹಾಗೆಂದರೆ ‘ಏನೂ ಇಲ್ಲ’.
ನಾಲ್ಕು ಅಕ್ಷರ, ಒಂದೊಂದೂ ಆಳುದ್ದ.

ಕೊನೆಯದಕ್ಕೆ ಬಂದಾಗ ನನಗೆ ಕೆಮ್ಮು.
ಜೂನ್ ತಿಂಗಳ ಚಳಿ, ಹೊಟ್ಟೆಯಲ್ಲಿ ಬರೀ ಕಾಫಿ.
ತಡೆದೆ, ತಡೆದೆ, ಆಗಲಿಲ್ಲ.
ಜಿಲ್ಮಾರನ ಮೊಣಕಾಲು ಅದುರಿತು,
ಜುರಾಂದಿರ್ ನನ್ನ ತಾಯಿಯನ್ನೂ ಸೇರಿಸಿ ಬೈದ,
ಅಕ್ಷರದ ಬಲಗಾಲು ಸೊಟ್ಟಗಾಗಿ ಕಿಟಕಿಯತ್ತ ಜಾರಿತು.
ಹಾಗೇ ಬಿಟ್ಟು ಓಡಿದೆವು.

ನಗರದ ಮುಖಕ್ಕೆ ಮಸಿ ಬಳಿದರು ಅಂದರು.
ಅದೇ ಬಾಯಿಗಳು ಆರು ವರ್ಷದ ಮೇಲೆ
‘ಆ ಕಾಲು ನೋಡಿ, ಆ ಕಾಲು!’ ಅಂದವು.
ಬೀಳುವವನ ವ್ಯಾಕರಣ ಎಂದು
ದಪ್ಪ ಕಾಗದದ ಪುಸ್ತಕದಲ್ಲಿ ಒಬ್ಬಳು ಬರೆದಳು.
ಒಂದು ಶೂ ಕಂಪನಿ ಅದನ್ನು ಹಿಮ್ಮಡಿಗೆ ಹೊಲಿಸಿತು.
ಜಿಲ್ಮಾರನಿಗೆ ಹೆಗಲು ಕೊಟ್ಟ ದಿನ
(ಪಿಜ್ಜಾ ಒಯ್ಯುತ್ತಿದ್ದ, ಬಸ್ಸು ನೋಡಲಿಲ್ಲ)
ಜುರಾಂದಿರ್ ಅದೇ ಶೂ ಹಾಕಿಕೊಂಡು ಬಂದಿದ್ದ.

ಅವನ ಕೆಲಸದ ಕೋಣೆಗೆ ಒಮ್ಮೆ ಹೋಗಿದ್ದೆ.
ನೆಲದ ಮೇಲೆ ನಿಂತು, ಟೇಪು ಅಂಟಿಸಿ,
ಅಳತೆಪಟ್ಟಿ ಹಿಡಿದು
ನನ್ನ ಕೆಮ್ಮನ್ನು ಕ್ಯಾನ್‌ವಾಸಿಗೆ ಇಳಿಸುತ್ತಿದ್ದ.
ಒಂದಕ್ಕೆ ಎಂಬತ್ತು ಸಾವಿರ. ‘ಏನೂ ಇಲ್ಲ’ಕ್ಕೆ.
ನಾನು ಕೇಳದಿದ್ದರೂ ಹೇಳಿದ:
ಅಮ್ಮನಿಗೆ ಸೋರದ ಮನೆ, ಮಗಳ ಹಲ್ಲಿಗೆ ತಂತಿ.
ನೀನಾಗಿದ್ದರೆ ಬೇಡ ಅನ್ನುತ್ತಿದ್ದೆಯಾ?
ಒಂದು ಲಕೋಟೆ ಕೊಟ್ಟ. ತೆಗೆದುಕೊಂಡೆ.
ಫ್ರಿಜ್ ಬಂತು. ತಂಪು ಚೆನ್ನಾಗಿಯೇ ಮಾಡುತ್ತದೆ.

ನನಗೀಗ ನಗರಪಾಲಿಕೆಯಲ್ಲಿ ಬೂದು ಬಣ್ಣ ಬಳಿಯುವ ಕೆಲಸ.
ರಾತ್ರಿ ಹುಡುಗರು ಬರೆದದ್ದನ್ನು ಬೆಳಿಗ್ಗೆ ಅಳಿಸುತ್ತೇನೆ.
ಪಾಪ ಅನ್ನಿಸುವುದಿಲ್ಲ;
ನಾಳೆ ಬರೆಯಲು ಅವರಿಗೆ ಜಾಗ ಬೇಡವೇ?

ಇವತ್ತು ಮೇಸ್ತ್ರಿ ವಾಲ್ದೊಮಿರೊ ಅಂದ:
ಬ್ರಾಸಿನ ಗಿರಣಿಗೆ ಸೋಪು ನೀರು, ಹಳೇ ಬಟ್ಟೆ ಸಾಕು.
ಗಿರಣಿಯೊಳಗೆ ಈಗ ಫ್ಲ್ಯಾಟುಗಳು. ಗೇಟಿನ ಮೇಲೆ ನಮ್ಮ ನಾಲ್ಕಕ್ಷರ, ಹಿತ್ತಾಳೆಯಲ್ಲಿ.
ಗೋಡೆಯ ಮೇಲಿನದಕ್ಕೆ ಗಾಜು ಹೊದಿಸಿದ್ದಾರೆ,
ಗಾಜಿನ ಮೇಲೆ ಯಾರೋ ಕೆಂಪಿನಲ್ಲಿ ಗೀಚಿ ಹೋಗಿದ್ದಾರೆ.
ನನಗೆ ಓದಲು ಬರಲಿಲ್ಲ. ವಯಸ್ಸಾಯಿತು.

ಪಾಲಿಕೆಯ ಅಲ್ಯುಮಿನಿಯಂ ಏಣಿ, ಸೊಂಟಕ್ಕೆ ಬೆಲ್ಟು.
ನಾವು ಬರೆದದ್ದನ್ನು ಎದುರಾಎದುರು ನೋಡಿದ್ದು ಇದೇ ಮೊದಲು.
ಉಜ್ಜಿದೆ. ಸೊಟ್ಟ ಕಾಲು ಹೊಳೆಯಿತು.

ಇಳಿದಾಗ ಕಂಡದ್ದು ಬೇರೆ.
ಗಾಜು ಮುಗಿದ ಮೇಲೆ, ಕೆಳಗೆ, ನನ್ನ ಎತ್ತರಕ್ಕೆ,
ಅಂದು ಸುರಿದ ಕರಿ ಹನಿಗಳು ಇನ್ನೂ ಇದ್ದವು,
ನಡುವೆ ಒಂದು ತಲೆಯಷ್ಟು ಜಾಗ
ಹನಿ ಬೀಳದೆ ಖಾಲಿ.
ಕೆನ್ನೆಯಿಟ್ಟು ನೋಡಲಿಲ್ಲ. ಕಾವಲುಗಾರ ನೋಡುತ್ತಿದ್ದ.

‘ಆ ಕೆಳಗಿನ ಕಲೆಗೆ ಒಂದು ಕೈ ಬೂದು ಬಳಿದುಬಿಡು,’
ವ್ಯಾನಿನೊಳಗಿಂದ ವಾಲ್ದೊಮಿರೊ ಕೂಗಿದ.
ಡಬ್ಬ ತರಲು ಹೊರಟೆ.
ಅರ್ಧ ದಾರಿಯಲ್ಲಿ ಕೆಮ್ಮು ಬಂತು.
ತಡೆಯಲಿಲ್ಲ.